ನೂರ ತೊಂಬತ್ತು ಡಿಗ್ರಿ

ಒಳಗೊಂದು ಎಳೆ, ಮೇಲೆ ಇನ್ನೊಂದರ ಹೊದಿಕೆ.
ಹೊರಗಿನದು ಬೇಗ ಮೆದುವಾಗುತ್ತದೆ, ಒಳಗಿನದು ಹಟಮಾರಿ.
ನಲವತ್ತು ಸೆಕೆಂಡು ಸಾಕು,
ಮಡಿಸಿದ್ದು ಮಡಿಸಿದ ಹಾಗೇ ನಿಲ್ಲುತ್ತದೆ.
ಒಗೆಯಿರಿ, ಹಿಂಡಿರಿ, ಗಂಟು ಕಟ್ಟಿ ಮೂಲೆಗೆಸೆಯಿರಿ,
ಬಿಚ್ಚಿದರೆ ಅದೇ ನೆರಿಗೆ.

ಬಿ.ಎಂ. ರಸ್ತೆಯ ಶೆಡ್ಡಿನಲ್ಲಿ ಎರಡನೇ ಪಾಳಿ ನನ್ನದು,
ಒಲೆಯ ಬಾಯಿಂದ ಬಂದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಚುಕಿ ನೋಡುವ ಕೆಲಸ.
ಮನೆಯಲ್ಲಿ ನಾನು ಇಸ್ತ್ರಿ ದ್ಯಾವಣ್ಣನ ಮಗಳು.
ಸಾಲಗಾಮೆ ರಸ್ತೆಯ ಹೊಂಗೆಯಡಿ ಅವನ ತಳ್ಳುಗಾಡಿ,
ಚಿಪ್ಪಿನ ಇದ್ದಿಲು, ಬಾಯಲ್ಲಿ ತುಂಬಿ ಚಿಮುಕಿಸಿದ ನೀರು,
ಮೂವತ್ತೊಂದು ವರ್ಷ.
ಬಟ್ಟೆ ಮರೆಯುತ್ತದೆ ಎಂದೇ ನಮ್ಮಲ್ಲಿ ಅನ್ನ ಬೆಂದದ್ದು.

ರಿಜೆಕ್ಟಾದ ಮಾಲಿನ ಒಂದು ತುಂಡು ತಂದುಕೊಟ್ಟೆ.
ಮೂಸಿದ. ಬಿಸಿಲಿಗೆ ಹಿಡಿದ.
ಒದ್ದೆ ಮಾಡಿ ಒಂದು ಸಲ ಎಳೆದ:
ನೆರಿಗೆ ಮಲಗಿತು,
ಪೆಟ್ಟಿಗೆ ಎತ್ತಿದ್ದೇ ಎದ್ದು ಕೂತಿತು.
'ಇದರ ಸೊಕ್ಕು ನೋಡೇ' ಎಂದ.
ಕೆಂಡ ಕೆರಳಿಸಿ, ಬೆರಳಿಗೆ ಎಂಜಲು ಹಚ್ಚಿ ತಳ ಮುಟ್ಟಿ,
ಸದ್ದು ಕೇಳಿ, ಭಾರ ಹಾಕಿ ಒತ್ತಿದ.

ಹಳೇ ಬೆಲ್ಲದ ಪಾಕದಂತೆ ಅಂಟಿಕೊಂಡಿತು ತಳಕ್ಕೆ.
ಹೊಗೆ. ನಾತ.
ಪಕ್ಕದಲ್ಲಿ ಡ್ರಿಲ್ ಮೇಷ್ಟ್ರ ಬಿಳಿ ಪ್ಯಾಂಟು
ಸರದಿಗೆ ಕಾಯುತ್ತಿತ್ತು.

ಸಂಜೆ ಪೂರ್ತಿ ಬ್ಲೇಡಿನಲ್ಲಿ ಕೆರೆಯುತ್ತ ಕೂತ.
ಬೈಯಲಿಲ್ಲ.
ನಡುವೆ ಒಮ್ಮೆ, ತಲೆ ಎತ್ತದೆ:
'ನೀವು ಎಷ್ಟಕ್ಕೆ ಕಾಯಿಸ್ತೀರಿ ಅಂದೆ?'
ಹೇಳಿದೆ. ಗೋಡೆಯ ಮೀಟರಿನಲ್ಲಿ ಕೆಂಪಗೆ ಬರೆದಿರುತ್ತೆ ಅಂದೆ.
ಎಂಜಲು ಹಚ್ಚುವ ಬೆರಳನ್ನು
ಒಂದು ಗಳಿಗೆ ತಿರುಗಿಸಿ ನೋಡಿಕೊಂಡ.
'ನನ್ನದು ಮೂವತ್ತು ಜಾಸ್ತಿ ಇತ್ತು.'