ಇಪ್ಪತ್ತೆರಡು ಹಾಳೆ

ಜೆನೋವಾದ ಪೊಲೀಸ್ ಕಚೇರಿಯಲ್ಲಿ
ನನ್ನದು ನೆಲದಡಿಯ ಕೋಣೆ.
ಕೊಲೆಗಳು ಮೆಟ್ಟಿಲಿಳಿದು ಬರುತ್ತಿದ್ದವು
ದಾರ ಕಟ್ಟಿಸಿಕೊಂಡು, ನಂಬರು ಬರೆಸಿಕೊಂಡು.
ಇಪ್ಪತ್ತಾರು ವರ್ಷ.
ಕಡತವನ್ನು ಕೈಗೆತ್ತಿಕೊಂಡರೆ ಸಾಕು, ತೂಕ ಹೇಳುತ್ತಿದ್ದೆ:
ಕುಡಿದು ಇರಿದದ್ದು ತೆಳ್ಳಗೆ,
ಆಸ್ತಿಗಾಗಿ ವಿಷವಿಟ್ಟದ್ದು ಒಂದು ಮೊಣಕೈ ಭಾರ,
ದೊಡ್ಡವರು ಮಾಡಿಸಿದ್ದಕ್ಕೆ ಮಾತ್ರ ಎರಡೂ ಕೈ ಬೇಕು,
ಬಿಚ್ಚಿದರೆ ಒಳಗೆ ಬರೀ ಮೊಹರು.

ಎವಾಂದ್ರೊ ಪಿತ್ತಾಲುಗಾ, ಸರ್ವೆಯವನು, ಐವತ್ತೊಂದು,
ಹಳೇ ಬಂದರಿನ ಕಟ್ಟೆಯ ಕೆಳಗೆ
ಮುಖ ಅಡಿಯಾಗಿ ತೇಲುತ್ತಿದ್ದ.
ಯಾರೋ ಎಸೆದ ಕೋಟು ಅಂದುಕೊಂಡರಂತೆ ಮೀನಿನವರು.
ಜೇಬಲ್ಲಿ ಅಳತೆಪಟ್ಟಿ, ಒದ್ದೆ ಬಸ್ ಟಿಕೆಟು,
ಕರವಸ್ತ್ರದ ಗಂಟಲ್ಲಿ ಒಂದು ಹಿಡಿ ಗೋಡೆ.
ಗಂಟು ಬಿಚ್ಚಿದರೆ
ಕಾಂಕ್ರೀಟು ಬೆರಳಿಗೆ ಮೆತ್ತಿಕೊಂಡಿತು, ಹಿಟ್ಟಿನ ಹಾಗೆ.
ಅಷ್ಟು ಸಾಕಾಯಿತು
ಇನ್ಸ್‌ಪೆಕ್ಟರ್ ಎರ್ಸಿಲಿಯಾ ತ್ರಾವೆರ್ಸೊಗೆ.

ಬಸ್ ಟಿಕೆಟಿನ ಬೆನ್ನು ಹತ್ತಿ ಹೋದಳು
ಬಿಸಾನ್ಯೊ ಕಣಿವೆಯ ಹೊಸ ಶಾಲೆಗೆ.
ರಿಬ್ಬನ್ ಕತ್ತರಿಸಿ ಮೂರು ವರ್ಷವೂ ಆಗಿರಲಿಲ್ಲ.
ಗೋಡೆ ತುಂಬ ಬಿಳೀ ಬೂಷ್ಟು.
ಮಕ್ಕಳು ಅದರ ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದು
ಆನೆ, ಹಡಗು, ಹೆಡ್‌ಮಾಸ್ಟರ ಮೂಗು ಮಾಡಿದ್ದರು.
"ಎಲ್ಲರೂ ಅತ್ತ ತಿರುಗಿ" ಎಂದಳಂತೆ.
ತಿರುಗಿದರು.
ಆನೆಯ ಹೊಟ್ಟೆಗೆ ನಾಲಿಗೆ ತಾಗಿಸಿದಳು.

ಕಡಲು.

ಬಿಲ್ಲಿನಲ್ಲಿ ಹೊಳೆಯ ಮರಳು,
ಗೋಡೆಯಲ್ಲಿ ತೊಳೆಯದ ಕಡಲ ಮರಳು,
ಎರಡರ ನಡುವಿನ ದುಡ್ಡು ಯಾರ ಯಾರ ಮೇಜಿಗೆ ಹೋಯಿತೆಂದು
ರಾತ್ರಿಯಿಡೀ ಕೂತು ಬರೆದಳು:
ಗುತ್ತಿಗೆದಾರ, ಗುಣಮಟ್ಟದ ಪರೀಕ್ಷಕ,
ನಗರಸಭೆಯ ಇಬ್ಬರು, ಅವರಲ್ಲೊಬ್ಬನ ಷಡ್ಡಕ,
ಹೆಸರಿನ ಬದಲು ಬರೀ ಒಂದು ಅಕ್ಷರವಿದ್ದ ಇನ್ನೊಬ್ಬ.
ಉಪ್ಪು ತಿಂದವರು ಇಷ್ಟು ಜನ.
ನೀರು ಕುಡಿದವನು ಪಿತ್ತಾಲುಗಾ ಒಬ್ಬನೇ.

ಮುನ್ನೂರ ಹನ್ನೆರಡು ಹಾಳೆ.
ನಾನೇ ಎಣಿಸಿ, ದಾರ ಬಿಗಿದು, ಮೇಲಕ್ಕೆ ಕಳಿಸಿದ್ದೆ.

ನಾಲ್ಕು ತಿಂಗಳಾದ ಮೇಲೆ ಒಂದು ಗುರುವಾರ
ತೆಂಕಣ ಗಾಳಿ ಎದ್ದು ಊರೆಲ್ಲ ಬೆವೆತಿದ್ದಾಗ
ಕಡತ ವಾಪಸು ಬಂತು, ಜೊತೆಗೊಬ್ಬ ಬೂದು ಸೂಟಿನವನು.
ಕೈಗೆತ್ತಿಕೊಂಡೆ. ಕೈಗೆ ಗೊತ್ತಾಯಿತು.
ಆದರೂ ಎಣಿಸಿದೆ, ಅವನ ಎದುರಿಗೇ, ಹೆಬ್ಬೆರಳು ನೆನೆಸಿ ನೆನೆಸಿ.
ಇನ್ನೂರ ತೊಂಬತ್ತು.
"ಸರಿಯಿದೆಯಲ್ಲ?" ಎಂದ.
ಗಾಳಿಗೆ ಕಿಟಕಿ ಒಮ್ಮೆ ಬಡಿಯಿತು.
"ನಿವೃತ್ತಿಗೆ ಇನ್ನೆಷ್ಟಿದೆ?"
ಹದಿನಾಲ್ಕು ತಿಂಗಳು ಎಂದೆ.
"ಹತ್ತಿರವೇ ಬಂತು."
ಅಷ್ಟೇ. ದುಡ್ಡಿಲ್ಲ, ಬೆದರಿಕೆಯಿಲ್ಲ,
ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ,
ಮಲಗಿದ ಮಗುವಿನ ಕೋಣೆಯಿಂದ ಹೋಗುವವನ ಹಾಗೆ.
ಬಂದ ಹಾಳೆ: ೨೯೦. ಕೊರತೆ: ಇಲ್ಲ.
ಸಹಿ ಹಾಕಿದೆ. ನನ್ನ ಸಹಿ ಚಂದ,
ಕಾನ್ವೆಂಟಿನ ಅಕ್ಕಂದಿರು ಕೋಲು ಹಿಡಿದು ಕಲಿಸಿದ್ದು.

ಮರುದಿನ ಅವಳು ಇಳಿದು ಬಂದಳು
ಪ್ರತಿ ಶುಕ್ರವಾರದ ಹಾಗೆ, ಕಾಗದದಲ್ಲಿ ಬಿಸಿ ಫೊಕಾಚ್ಚಾ.
ಮುರಿದು ಕಾಫಿಗದ್ದಿ ತಿನ್ನುತ್ತ
ನನ್ನ ಲೆಡ್ಜರು ತಿರುವಿದಳು.
ಅಗಿಯುವುದು ನಿಂತಿತು.
"ಬಾಚಿಚ್ಚಾ," ಎಂದಳು, ಎಷ್ಟೋ ಹೊತ್ತಾದ ಮೇಲೆ,
"ನಿನ್ನ ಸೊನ್ನೆ ಎಷ್ಟು ದುಂಡಗಿದೆ."

ಬೈದಿದ್ದರೆ ಆಗುತ್ತಿತ್ತು.

ಅವಳಿಗೆ ವರ್ಗವಾಯಿತು, ಬೆಟ್ಟದಾಚೆಯ ಒಂದು ಊರಿಗೆ,
ಕಡಲು ಕಾಣದ್ದು, ಸೈಕಲ್ ಕಳವಿನದು.
ಕೇಸಿಗೆ ವಯಸ್ಸಾಯಿತು; ಇಲ್ಲಿಯ ಕಾನೂನಿನಲ್ಲಿ
ಅಪರಾಧಕ್ಕೂ ಪಿಂಚಣಿ ಇದೆ.
ಶಾಲೆಗೆ ಮತ್ತೆ ಸುಣ್ಣ ಹೊಡೆದರು.
ಆನೆ ಎರಡು ವಾರದಲ್ಲಿ ವಾಪಸು ಬಂತಂತೆ.

ಅವತ್ತು ಅವಳು ಬಿಟ್ಟುಹೋದ ಅರ್ಧ ಫೊಕಾಚ್ಚಾ
ಸುಮಾರು ಹೊತ್ತು ಮೇಜಿನ ಮೇಲಿತ್ತು,
ಮೈಯೆಲ್ಲ ಹರಳು ಹರಳು.
ಎಸೆಯಲು ಮನಸ್ಸಾಗಲಿಲ್ಲ. ತಿಂದೆ.

ಈಗ ಐದನೇ ಮಹಡಿಯ ಮನೆ, ಒಂದನೇ ತಾರೀಕಿಗೆ ಪಿಂಚಣಿ.
ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ.
ಬರಿಗಾಲಲ್ಲಿ ಅಡುಗೆಮನೆಗೆ ನಡೆದು ನಲ್ಲಿ ತಿರುಗಿಸುತ್ತೇನೆ.
ದೀಪಸ್ತಂಭದ ಬೆಳಕು ಗೋಡೆಗೆ ಬಂದು
ಏನೋ ಓದಲು ತಡವರಿಸಿ
ಹೋಗುತ್ತದೆ.
ಒಂದು ಲೋಟ ಕುಡಿಯುತ್ತೇನೆ.
ನಿಂತು, ಇನ್ನೊಂದು.