ಎಡಗಡೆಯ ಸೀಟು

ಗದಗಿನಿಂದ ಸಣ್ಣತ್ತೆ ಫೋನಿನಲ್ಲಿ ಕೇಳುತ್ತಾಳೆ:
"ಕೋಚ್ ಅಂದ್ರ ರೈಲಿನ ಡಬ್ಬಿ ಅಲ್ಲೇನವಾ?"
ಇಲ್ಲಿ ಹಲ್ ಊರಿನಲ್ಲಿ ದೂರ ಹೋಗುವ ಬಸ್ಸಿಗೆ ಹಾಗನ್ನುತ್ತಾರೆ.
ಎರಡೂ ಸರಿಯೇ ಅತ್ತೆ,
ಎಲ್ಲಿ ಇಳಿಯಬೇಕೆಂದು ಹತ್ತಿದವರೇ ಹೇಳಬೇಕು,
ನಾನು ಕೇಳುತ್ತ ಕೂರುತ್ತೇನೆ. ಗಂಟೆಗೆ ನಲವತ್ತು ಪೌಂಡು.
"ಬರೇ ಕೇಳಾಕ?"
ಬರೇ ಕೇಳಾಕ.

ಸ್ಪ್ರಿಂಗ್ ಬ್ಯಾಂಕ್ ಬೀದಿಯ ಹಳೆಯ ಮಹಡಿ,
ಎರಡು ಕೋಣೆ, ನಡುವೆ ಒಂದು ಕೆಟಲ್.
ನನ್ನದರಲ್ಲಿ ಬಿಳಿ ಬೋರ್ಡು, ಮೂರು ಬಣ್ಣದ ಪೆನ್ನು.
ಫಿಲಿಪಾಳದರಲ್ಲಿ ತಗ್ಗಿನ ಎರಡು ಕುರ್ಚಿ,
ಬಂದವರ ಬೆನ್ನಿಗೆ ಗಡಿಯಾರ, ಒಂದು ಟಿಶ್ಯೂ ಡಬ್ಬಿ.
ನನಗದು ಬೇಕಾಗುವುದಿಲ್ಲ ಅಂದುಕೊಂಡಿದ್ದೆ.

ಡೆರೆಕ್ ಸ್ಟ್ಯಾದರ್ಸ್, ಐವತ್ತೆಂಟು,
ಕ್ಯಾರವಾನ್ ಕಾರ್ಖಾನೆ ಮುಚ್ಚಿದ ಮೇಲೆ ಬಂದವನು.
ಲಾರಿ ಓಡಿಸಬೇಕು ಎಂದ. ಹಸಿರಿನಲ್ಲಿ ಬರೆದೆವು.
ಮೊದಲ ವಾರ ಅರ್ಜಿ. ಆಯಿತು.
ಎರಡನೆಯ ವಾರ ಕಣ್ಣಿನ ಪರೀಕ್ಷೆ. ಆಯಿತು.
ಮೂರನೆಯ ವಾರ, ಗೆಳೆಯನ ಲಾರಿ ಹತ್ತಿ
ಸುಮ್ಮನೆ ಸ್ಟೇರಿಂಗ್ ಹಿಡಿದು ಕೂತು ಬರುವುದು, ಅಷ್ಟೆ.
ಆಗಲಿಲ್ಲ.
ನಾಲ್ಕನೆಯ ವಾರವೂ.

'ಯಾಕೆ' ಅನ್ನಬಾರದೆಂದು ನಮಗೆ ಕಲಿಸಿದ್ದಾರೆ,
ಯಾಕೆ ಎಂದೊಡನೆ ಮನುಷ್ಯ ಕಟಕಟೆ ಹತ್ತುತ್ತಾನೆ.
"ಏನು ಅಡ್ಡ ಬಂತು?" ಎಂದೆ.

ಬೋರ್ಡು ನೋಡಿದ. ಎದುರಿನ ಚಿಪ್ಸ್ ಅಂಗಡಿಯ ದೀಪ ನೋಡಿದ.
"ನನ್ನ ಕಾರಿನ ಎಡಗಡೆ ಸೀಟಿನ ಬೆಲ್ಟು
ಎರಡು ವರ್ಷದಿಂದ ಬಿಚ್ಚಿಲ್ಲ.
ಮೋರೀನಳ ಕೈಚೀಲ ಇದೆ ಅಲ್ಲಿ. ಭಾರ.
ಬೆಲ್ಟು ಹಾಕದಿದ್ದರೆ ಕಾರು ಕೂಗಿಕೊಳ್ಳುತ್ತದೆ,
ಯಾರೋ ಕೂತಿದ್ದಾರೆ ಅಂತ."

ಪೆನ್ನಿಗೆ ಮುಚ್ಚಳ ಹಾಕಿದೆ.
ಬರುವ ಸೋಮವಾರದ ಬಗ್ಗೆ ನನ್ನ ಹತ್ತಿರ ನೂರು ಪ್ರಶ್ನೆ,
ಆ ಬೆಲ್ಟಿನ ಬಗ್ಗೆ ಒಂದೂ ಇಲ್ಲ.
ಮುಳ್ಳು ತೆಗೆಯಲು ಬಾರದವಳು
ಕಾಲು ಹಿಡಿಯಬಾರದು.

"ಪಕ್ಕದ ಕೋಣೆಯಲ್ಲಿ ಒಬ್ಬರಿದ್ದಾರೆ," ಎಂದೆ.
"ನನಗೆ ತಲೆ ಕೆಟ್ಟಿದೆಯಾ?"
ಇಲ್ಲ.
"ಹಾಗಾದರೆ ನೀನು ಕೈಬಿಟ್ಟೆ."
ಇದಕ್ಕೆ ತುಸು ತಡವಾಯಿತು.
"ಬೋರ್ಡು ಅಳಿಸುವುದಿಲ್ಲ."

ಗೋಡೆಯ ಆಚೆ ಅವಳು ಕೇಳುತ್ತಾಳೆ, ಈಚೆ ನಾನು ಕೇಳುತ್ತೇನೆ.
ನಮ್ಮ ಮಾತಿನಲ್ಲಿ ಎರಡಕ್ಕೂ ಇರುವುದು ಒಂದೇ ಶಬ್ದ,
ಅದಕ್ಕೇ ಅತ್ತೆಗೆ ಬಿಡಿಸಿ ಹೇಳಲಾಗುತ್ತಿಲ್ಲ.
ನಾನು ಕೇಳಿದರೆ ಉತ್ತರ ಬೇಕು, ಅದಕ್ಕೊಂದು ತಾರೀಖು ಬೇಕು.
ಅವಳು ಕೇಳಿದರೆ
ಕೆಲವು ಗುರುವಾರ ಐವತ್ತು ನಿಮಿಷವೂ ಸದ್ದಿಲ್ಲ,
ಹೊರಗೆ ಚಿಪ್ಸಿಗಾಗಿ ಕಡಲಹಕ್ಕಿಗಳ ಜಗಳವಷ್ಟೇ.
ಆ ಮೌನವನ್ನೂ ಅವಳು ಜೋಪಾನವಾಗಿ ಇಸಿದುಕೊಳ್ಳುತ್ತಾಳೆ,
ಚಿಲ್ಲರೆ ಎಣಿಸುವುದಿಲ್ಲ.

ಮಾರ್ಚಿನಲ್ಲಿ ಬಂದ. ಹಸಿರು ಅಕ್ಷರ ಮಾಸಿತ್ತು.
ಕಾರು ಕೆಳಗೆ ನಿಂತಿತ್ತು. ಬೆಲ್ಟು ಬಿಚ್ಚಿದೆಯೋ ಏನೋ,
ಕಿಟಕಿಯಿಂದ ಬಗ್ಗಿ ನೋಡಬೇಕೆನಿಸಿತು,
ನೋಡಲಿಲ್ಲ.
"ಎಲ್ಲಿದ್ದೆವು?" ಎಂದ.
"ಮೂರನೆಯ ವಾರ."

ಈಗ ನನ್ನಲ್ಲೂ ಒಂದು ಟಿಶ್ಯೂ ಡಬ್ಬಿ ಇದೆ.
ಮೇಜಿನ ಮೇಲಲ್ಲ,
ಡ್ರಾಯರಿನಲ್ಲಿ.