ಕಾಲು ಅಂದ್ರ ನಿನ್ನೆ

'ಮಾವಶೀ, ಕಾನಡೀ ಪೇಶಂಟ್!'
ಹೊಸಾ ಡಾಕ್ಟರ ಠೋಂಬರೆ ಒದರಿದ.
ನಾಶಿಕ ಕಡೀಂದ ಬಂದಾವ,
ಮಾರಿಮ್ಯಾಲ ಇನ್ನಾ ಹಾಸ್ಟೇಲಿನ ನಿದ್ದಿ.
ಸೋಲಾಪುರ ಸಿವಿಲ್‌ನಾಗ ದಿನಕ್ಕ ಹತ್ತು ಸಲ ಹಿಂಗ ಒದರ್ತಾರ.
ನೆಲಾ ಒರಸೂದು ನನ್ನ ಕೆಲಸ,
ಮಾತು ಒರಸೂದಕ್ಕ ಪಗಾರ ಬ್ಯಾರೆ ಇಲ್ಲ.
ಫರಸಿ ಬಟ್ಟಿ ಬಕೆಟಿಗೆ ಒಗದು
ಸೆರಗಿಗೆ ಕೈ ಒರಸಿಕೋತ ಹೋದೆ.

ಜಗದೇವಿ ಹತ್ತೂರೆ. ಕುಂಭಾರಿ ಘರಕುಲ.
ತವರು ನಾಗಣಸೂರು.
ವಯಾ ಎಷ್ಟು?
'ನೆಲಾ ನಡಗಿದ ವರ್ಷ ನನ್ನ ಲಗ್ನ.'
ಅವಾಗ ಡಾಕ್ಟರ ಹುಟ್ಟಿರಲಿಲ್ಲ.
ನಲವತ್ತೇಳು ಬರಕೋರಿ ಅಂದೆ.

'ಏನು ತ್ರಾಸು?'
ಆ ಶಬ್ದ ಇಬ್ಬರದೂ.
ಅದನ್ನ ಹಿಡಕೊಂಡು ಆಕಿ ಈಚೀಗೆ ದಾಟಿದ್ಲು:
'ಬಾಯಿ ಒಣಗತದ್ರೀ.'
ಅವ ತಲಿ ಎತ್ತಿದ.
ಮರಾಠಿದಾಗ ಬಾಯಿ ಅಂದ್ರ ಹೆಂಗಸು.
ಯಾವ ಬಾಯಿ? ಅಂತ ನನ್ನ ಕೇಳಿದ.
ನಾ ತುಟಿಗೆ ಬಟ್ಟು ಹಚ್ಚಿ ತೋರಿಸಿದೆ.
ಖರೆ ಅಂದ್ರ ಅವ ತಪ್ಪೇನ ಕೇಳಿರಲಿಲ್ಲ,
ಆಕಿ ಕುಪ್ಪಸದ ತೋಳಿನಾಗ
ಇನ್ನೊಂದು ತೋಳು ಹಿಡಸತಿತ್ತು.

'ಎಲ್ಲಾ ಕಾಲಿಂದ ಸುರು ಆತ್ರೀ.'
ಅವ ಝಟ್ಟನ ಬರದ: ಒಂದು ದಿನ.
ಕಾಲ ಅಂದ್ರ ಅವರಿಗೆ ನಿನ್ನೆ.
ನಿನ್ನೆ ಅಲ್ಲ ಸಾಹೇಬ, ಪಾಯ, ಪಾಯ!
'ಎಷ್ಟು ದಿನಾತು ಅಕ್ಕಾ?'
ಸೀತನಿ ತಿನ್ನೂ ಹೊತ್ತಿನಾಗ ಸಣ್ಣ ಬೊಬ್ಬಿ,
ಜ್ವಾಳದ ರಾಶಿ ಆಗೂದ್ರಾಗ ಒಡೀತು,
ಆಮ್ಯಾಲ ಅರಿಶಿಣ, ಆಮ್ಯಾಲ ಯಾರೋ ಕೊಟ್ಟ ಮಲಾಮು.
ನಾ ಮೂರು ತಿಂಗಳು ಅಂದೆ.
ಸೀತನಿ ಸುಟ್ಟ ವಾಸನಿ
ಕಾಗದದ ಹೊರಗ ಉಳೀತು.

ಕೆಲಸ?
'ಏನಿಲ್ಲ, ಮನ್ಯಾಗ ಕೂಡೂದ.'
ಗೃಹಿಣಿ ಅಂತ ಬರೀಲಿಕ್ಕೆ ಹತ್ತಿದ.
ತಡೀರಿ ಅಂದೆ.
ಆ ಉಗರು ನೋಡ್ರಿ, ತಂಬಾಕಿನ ಬಣ್ಣ.
ಕತ್ತರಿ ಹಿಡಿಯೂ ಹೆಬ್ಬಟ್ಟು ಜಡ್ಡುಗಟ್ಟ್ಯಾದ.
'ದಿನಾ ಎಷ್ಟು ಕಟ್ತೀ?'
'ಕಟ್ಟೂದು ಸಾವಿರ, ಛಾಟ ತಗದ್ರ ಒಂಬತ್ತನೂರು.'
ನಮ್ಮವ್ವನೂ ಹಿಂಗ ಅಂತಿದ್ಲು.
ತೊಡಿಮ್ಯಾಲ ಮರ, ಮರದಾಗ ಎಲಿ,
ರಾತ್ರಿ ಹನ್ನೊಂದರ ತನಕ
ಏನಿಲ್ಲ, ಏನಿಲ್ಲ, ಏನಿಲ್ಲ.

'ಸಂಕಟ ಆಗತದೇನು?' ನಾನ ಕೇಳಿದೆ.
ಹೊಟ್ಟಿ ತೊಳಸಿದ್ರ ನಾವು ಹಂಗ ಅಂತೀವಿ.
ಆಕಿ ಹೂಂ ಅಂದ್ಲು.
ಅವ ನನ್ನ ಕೇಳದ ತಾನ ಬರಕೊಂಡ: ಸಂಕಟ.
ಅವರಿಗೆ ಅದು ಗಂಡಾಂತರ.
ತಿದ್ದಬೇಕಾಗಿತ್ತು.
ತಿದ್ದಲಿಲ್ಲ.

'ಮನ್ಯಾಗ ಯಾರಿಗರೆ ಸಕ್ಕರಿ ಅದ ಏನು?'
'ಎರಡು ತಿಂಗಳಾತು, ರೇಷನ್ನಿನಾಗ ಬಂದಿಲ್ಲ.'
ನಾವಿಬ್ಬರೂ ನಕ್ಕಿವಿ.
ಯಾಕ ನಗ್ತೀರಿ ಅಂದ ಅವ.
ಹೇಳಿದೆ. ಹೇಳಿದ ಮ್ಯಾಲ ನಗಿ ಉಳೀಲಿಲ್ಲ.
ಆಮ್ಯಾಲ ಆಕಿಗೆ ನೆನಪಾತು:
ಅವ್ವನ ಕಾಲಬೆರಳು ತಗದಿದ್ರು, ಎರಡು.
ಯಾಕ ತಗದ್ರಂತ ಯಾರೂ ಹೇಳಿರಲಿಲ್ಲ,
ಇವರೂ ಕೇಳಿರಲಿಲ್ಲ.

ಕಾಲಿಗೆ ಸುತ್ತಿದ ಹಳೇ ಸೀರಿ ಚೂರು
ಅವನ ಬಿಚ್ಚಿದ, ನನ್ನ ಕರೀಲಿಲ್ಲ.
ಮೂಗು ಮುಚ್ಚಲಿಲ್ಲ ಹುಡುಗ.
ಅವತ್ತಿಂದ ಅವನ ಮ್ಯಾಲ ನನ್ನ ಜೀವ.

ಕಣ್ಣು ಮುಚ್ಚಿಕೋ ಅಂತಾರ,
ಮುಟ್ಟಿದಾಗ ಹೂಂ ಅನ್ನು ಅಂತಾರ,
ಅಂತ ಆಕೀಗೆ ಹೇಳಿದೆ.
ನೈಲಾನಿನ ಒಂದು ಎಳಿ, ಕೂದಲಿನಷ್ಟು ಸಣ್ಣದು.
ಹೆಬ್ಬೆರಳಿಗೆ ಒತ್ತಿದ, ಎಳಿ ಬಾಗಿತು.
ಕಿರುಬೆರಳಿನ ಬುಡಕ್ಕ.
ಅಂಗಾಲಿನ ನಡುವ.
ಹಿಮ್ಮಡಕ್ಕ.
ಮತ್ತ ಹೆಬ್ಬೆರಳಿಗೆ.
ಮ್ಯಾಲ ಫ್ಯಾನು ಕಿರಗುಡತಿತ್ತು.

ಕಣ್ಣು ಮುಚ್ಚಿಕೊಂಡ ಆಕಿ ಕೇಳಿದ್ಲು:
'ಯಾವಾಗ ಸುರು ಮಾಡ್ತಾರಂತ?'

ಸುರು.
ಆ ಶಬ್ದನೂ ಇಬ್ಬರದೂ.
ಅವ ನನ್ನ ಕಡೆ ನೋಡಲಿಲ್ಲ.